ಕೀಲಿ ನೋಡದೆ ಕನ್ನಡ ಬೆರಳಚ್ಚು: ಯಾವ ಕೀಲಿಮಣೆ ವಿನ್ಯಾಸ ಕಲಿಯಬೇಕು? ಪದೇ ಪದೇ ಕೇಳುವ ಪ್ರಶ್ನೆಗಳು

ಕೀಲಿಮಣೆಯತ್ತ ಕಣ್ಣು ಹಾಯಿಸದೆ, ಹತ್ತೂ ಬೆರಳು ಬಳಸಿ ಕನ್ನಡ ಬರೆಯಲು ಬಯಸುವವರಿಗಾಗಿ ಈ ಪುಟ. ಶಾಲಾ ಶಿಕ್ಷಕರು, ಕಚೇರಿ ನೌಕರರು, ಅನುವಾದಕರು, ಪತ್ರಿಕೆಗೆ ಬರೆಯುವವರು ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳು ಇಲ್ಲಿವೆ. ಓದುವ ಮೊದಲು ಒಂದು ಸೂಚನೆ: ಇಂಗ್ಲಿಷ್ ಕೀಲಿಗಳ ಹೆಸರನ್ನು 'ಕೆ', 'ಎಫ್', 'ಎ' ಎಂದು ಉದ್ಧರಣೆಯೊಳಗೆ ಬರೆದಿದ್ದೇನೆ. ಉದ್ಧರಣೆಯಿಲ್ಲದೆ ಬರುವುದೆಲ್ಲ ಕನ್ನಡ ಅಕ್ಷರವೇ.

ಸುತ್ತುಬಳಸದೆ ಹೇಳಿ, ಯಾವುದನ್ನು ಕಲಿಯಲಿ?

ಇಂಗ್ಲಿಷ್ ಕೀಲಿಮಣೆಯ ಪರಿಚಯ ಈಗಾಗಲೇ ಇದ್ದು, ದಿನವೂ ಕನ್ನಡ ಬರೆಯುವವರಾದರೆ ಕೆ.ಪಿ. ರಾವ್ ವಿನ್ಯಾಸ. ಇಂಗ್ಲಿಷ್ ಅಕ್ಷರಗಳ ನಂಟೇ ಬೇಡ ಎನ್ನುವವರಿಗೆ, ಅಥವಾ ಕನ್ನಡದ ಜೊತೆಗೆ ಹಿಂದಿ, ತೆಲುಗು, ಮರಾಠಿಯನ್ನೂ ಬರೆಯಬೇಕಾದವರಿಗೆ ಇನ್‌ಸ್ಕ್ರಿಪ್ಟ್. ವಾರಕ್ಕೊಮ್ಮೆ ನಾಲ್ಕು ಸಾಲು ಸಂದೇಶ ಕಳಿಸುವುದಷ್ಟೇ ಕೆಲಸವಾದರೆ ಲಿಪ್ಯಂತರಣ (ಇಂಗ್ಲಿಷ್ ಅಕ್ಷರಗಳಲ್ಲಿ ಬರೆದದ್ದು ಕನ್ನಡವಾಗುವ ಪದ್ಧತಿ) ಸಾಕು, ಹೊಸದನ್ನು ಕಲಿಯುವ ಶ್ರಮ ಬೇಡ. ಈ ಮೂರರಲ್ಲಿ ಯಾವುದನ್ನು ಆರಿಸಿಕೊಂಡರೂ ಅದೊಂದಕ್ಕೇ ಅಂಟಿಕೊಳ್ಳಿ. ಇಂದು ಇದು, ನಾಳೆ ಅದು ಎಂದು ಬದಲಾಯಿಸುತ್ತಿದ್ದರೆ ಬೆರಳಿಗೆ ಯಾವುದೂ ಹತ್ತುವುದಿಲ್ಲ.

"ನಾನು ನುಡಿಯಲ್ಲಿ ಟೈಪ್ ಮಾಡುತ್ತೇನೆ." ಇದು ವಿನ್ಯಾಸವೋ, ತಂತ್ರಾಂಶವೋ, ಫಾಂಟೋ?

ಮೂರನ್ನೂ ಜನ ಒಂದೇ ಹೆಸರಿನಿಂದ ಕರೆಯುತ್ತಾರೆ. ಗೊಂದಲವೆಲ್ಲ ಶುರುವಾಗುವುದು ಇಲ್ಲಿಂದ. ನುಡಿ ಎಂಬುದು ಕನ್ನಡ ಗಣಕ ಪರಿಷತ್ತು ರೂಪಿಸಿದ ತಂತ್ರಾಂಶ. ಅದರೊಳಗಿರುವ ಕೀಲಿಮಣೆ ವಿನ್ಯಾಸ ಮೂಲತಃ ಕೆ.ಪಿ. ರಾವ್ ಅವರದು. ಪರಿಷತ್ತು ಸಣ್ಣಪುಟ್ಟ ಮಾರ್ಪಾಡು ಮಾಡಿದ್ದರಿಂದ ಅದನ್ನು ಕಗಪ ವಿನ್ಯಾಸ ಎಂದೂ ಕರೆಯುತ್ತಾರೆ. ಇನ್ನು 'ನುಡಿ' ಹೆಸರಿನ ಹಳೆಯ ಫಾಂಟುಗಳು, ಎಲ್ಲ ಗಣಕಗಳಿಗೂ ಒಂದೇ ಆದ ಅಕ್ಷರ ಸಂಕೇತವಾದ ಯುನಿಕೋಡ್‌ಗಿಂತ ಹಿಂದಿನ ಪದ್ಧತಿಯವು. ಅವುಗಳಲ್ಲಿ ಬರೆದ ಕಡತವನ್ನು ಆ ಫಾಂಟ್ ಇಲ್ಲದ ಗಣಕದಲ್ಲಿ ತೆರೆದರೆ ಕನ್ನಡದ ಬದಲು ಚಿತ್ರವಿಚಿತ್ರ ರೋಮನ್ ಗುರುತುಗಳು ಕಾಣಿಸುತ್ತವೆ.

ಬೆರಳು ಕಲಿಯುವುದು ವಿನ್ಯಾಸವನ್ನು. ಕಡತದಲ್ಲಿ ಉಳಿಯುವುದು ಸಂಕೇತ, ಅಂದರೆ ಯುನಿಕೋಡ್ ಅಥವಾ ಹಳೆಯ ಫಾಂಟಿನ ಸಂಕೇತ. ನಿಮ್ಮ ಬೆರಳುಗಳಿಗೆ ನುಡಿಯ ಅಭ್ಯಾಸವಿದ್ದರೆ ಅದೇ ವಿನ್ಯಾಸದಲ್ಲಿ ಯುನಿಕೋಡ್ ಆರಿಸಿಕೊಂಡು ಬರೆಯಿರಿ, ಹೊಸದಾಗಿ ಕಲಿಯಬೇಕಾದದ್ದು ಏನೂ ಇಲ್ಲ. "ಯುನಿಕೋಡ್ ಕಷ್ಟ, ನನಗೆ ನುಡಿಯೇ ಅಭ್ಯಾಸ" ಎನ್ನುವವರು ಈ ಎರಡನ್ನು ಬೆರೆಸಿಕೊಂಡಿರುತ್ತಾರೆ.

ಕೆ.ಪಿ. ರಾವ್ ವಿನ್ಯಾಸದ ಗುಟ್ಟೇನು?

ಮಂಗಳೂರು ಸಮೀಪದ ಕಿನ್ನಿಕಂಬಳದವರಾದ ಕೆ.ಪಿ. ರಾವ್ ಮುದ್ರಣ ಮತ್ತು ಅಕ್ಷರ ವಿನ್ಯಾಸದ ಲೋಕದಲ್ಲಿ ದುಡಿದವರು. 1980ರ ದಶಕದ ಕೊನೆಯ ಹೊತ್ತಿಗೆ ಅವರು ರೂಪಿಸಿದ ಕನ್ನಡ ತಂತ್ರಾಂಶಕ್ಕೆ ವಿದ್ವಾಂಸ ಸೇಡಿಯಾಪು ಕೃಷ್ಣಭಟ್ಟರ ಗೌರವಾರ್ಥ 'ಸೇಡಿಯಾಪು' ಎಂದು ಹೆಸರಿಟ್ಟರು. ಅವರ ಯೋಚನೆ ಇಷ್ಟು: ಕನ್ನಡ ಅಕ್ಷರದ ಆಕಾರವನ್ನು ತುಂಡು ತುಂಡಾಗಿ ಜೋಡಿಸುವ ಕೆಲಸ ಬೆರಳಚ್ಚುಗಾರನದಲ್ಲ. ಅವನು ಉಚ್ಚಾರಣೆಯ ಕ್ರಮದಲ್ಲಿ ಧ್ವನಿಗಳನ್ನು ಕೊಟ್ಟರೆ ಸಾಕು, ಆಕಾರವನ್ನು ಗಣಕ ನೋಡಿಕೊಳ್ಳುತ್ತದೆ.

ವ್ಯಂಜನದ ಕೀಲಿ ಒತ್ತಿದರೆ ಅಕಾರ ಸೇರಿದ ಅಕ್ಷರವೇ ಮೂಡುತ್ತದೆ. 'ಕೆ' ಒತ್ತಿದರೆ ಕ, ಶಿಫ್ಟ್ ಜೊತೆ ಒತ್ತಿದರೆ ಖ. ಸ್ವರದ ಕೀಲಿ ಪದದ ಆರಂಭದಲ್ಲಿ ಸ್ವರಾಕ್ಷರವನ್ನು, ವ್ಯಂಜನದ ನಂತರ ಗುಣಿತದ ಚಿಹ್ನೆಯನ್ನು ಕೊಡುತ್ತದೆ. ಅರ್ಧಾಕ್ಷರಕ್ಕೂ ಒತ್ತಕ್ಷರಕ್ಕೂ ಇರುವುದು ಒಂದೇ ಕೀಲಿ, 'ಎಫ್'. ಕನ್ನಡ ಎಂದು ಬರೆಯಲು 'ಕೆ', 'ಎನ್', 'ಎಫ್', 'ಎನ್', 'ಡಬ್ಲ್ಯು'. ಐದು ಹೊಡೆತ, ಶಿಫ್ಟ್ ಒಮ್ಮೆಯೂ ಬೇಡ. ಅಮ್ಮ ಎನ್ನಲು 'ಎ', 'ಎಂ', 'ಎಫ್', 'ಎಂ'.

ಆ 'ಎಫ್' ಎಲ್ಲಿದೆ ಎಂದು ಒಮ್ಮೆ ಮುಟ್ಟಿ ನೋಡಿ. ಎಡಗೈ ತೋರುಬೆರಳು ಸಹಜವಾಗಿ ಕೂರುವ ಜಾಗ ಅದು, ಕೀಲಿಯ ಮೇಲೆ ಸಣ್ಣ ಉಬ್ಬು ಕೂಡ ಇರುತ್ತದೆ. ಅಕ್ಕ, ಅಪ್ಪ, ಇಲ್ಲ, ಎಲ್ಲ, ಮತ್ತು, ಅಲ್ಲಿ, ಮಾಡುತ್ತಾರೆ, ಹೋಗುತ್ತಿದ್ದೇನೆ: ಒತ್ತಕ್ಷರವಿಲ್ಲದ ಕನ್ನಡ ವಾಕ್ಯ ಸಿಗುವುದೇ ಅಪರೂಪ. ಇಷ್ಟು ಸಲ ಬೇಕಾಗುವ ಕೀಲಿ ಅತ್ಯಂತ ಚುರುಕಾದ ಬೆರಳಿನ ಕೆಳಗೇ ಇದೆ. ಕನ್ನಡದ ಸ್ವಭಾವಕ್ಕೆ ಇದಕ್ಕಿಂತ ಒಳ್ಳೆಯ ಮರ್ಯಾದೆಯನ್ನು ಬೇರೆ ಯಾವ ವಿನ್ಯಾಸವೂ ಕೊಟ್ಟಿಲ್ಲ ಎಂಬುದು ನನ್ನ ಅಭಿಪ್ರಾಯ.

ಅದರಲ್ಲಿ ಕೊರತೆಗಳೇ ಇಲ್ಲವೇ?

ಇವೆ. ಮೊದಲನೆಯದು ಶಿಫ್ಟ್. ದೀರ್ಘಸ್ವರಗಳು, ಅನುಸ್ವಾರ, ಳ, ಣ, ಶ ಎಲ್ಲವೂ ಶಿಫ್ಟ್ ಹಿಡಿದೇ ಬರಬೇಕು. ಬೆಂಗಳೂರು ಎಂಬ ಒಂದು ಪದದಲ್ಲಿ ಮೂರು ಸಲ ಶಿಫ್ಟ್: ಅನುಸ್ವಾರಕ್ಕೆ, ಳಕಾರಕ್ಕೆ, ದೀರ್ಘ ಊಕಾರಕ್ಕೆ. ಆಕಾರದ ಚಿಹ್ನೆ ಶಿಫ್ಟ್ ಮತ್ತು 'ಎ', ಅಂದರೆ ದುರ್ಬಲವಾದ ಎಡ ಕಿರುಬೆರಳಿನ ಪಾಲು.

ಎರಡನೆಯದು ಎಡಗೈ ಮೇಲಿನ ಭಾರ. ಇಂಗ್ಲಿಷ್ ಕೀಲಿಮಣೆಯ ಈ ಗುಣ ಇಲ್ಲಿಗೂ ಇಳಿದು ಬಂದಿದೆ. ರಾಷ್ಟ್ರ ಎಂದು ಬರೆಯಿರಿ: 'ಆರ್', ಶಿಫ್ಟ್ 'ಎ', 'ಎಕ್ಸ್', 'ಎಫ್', 'ಕ್ಯು', 'ಎಫ್', 'ಆರ್'. ಏಳೂ ಅಕ್ಷರಕೀಲಿಗಳು ಎಡಗೈಯವೇ. ಬೆಟ್ಟ, ಎತ್ತರ ಕೂಡ ಪೂರ್ತಿ ಎಡಗೈ ಪದಗಳು. ಟ, ಡ ಎರಡೂ 'ಕ್ಯು', 'ಡಬ್ಲ್ಯು' ಮೇಲೆ ಕೂತಿರುವುದು ಮೊದಲ ದಿನಗಳಲ್ಲಿ ವಿಚಿತ್ರ ಅನ್ನಿಸುತ್ತದೆ. ಆದರೆ ಮಾಡು, ನೋಡು, ಬೇಡ ಎಂಬ ಪದಗಳು ಎಷ್ಟು ಸಲ ಬರುತ್ತವೆಂದರೆ ಡಕಾರದ ಜಾಗ ಬಹುಬೇಗ ಉಂಗುರಬೆರಳಿಗೆ ಗೊತ್ತಾಗಿಬಿಡುತ್ತದೆ.

ಇನ್‌ಸ್ಕ್ರಿಪ್ಟ್ ಎಂದರೇನು? ಅದನ್ನು ಯಾರು ಬಳಸುತ್ತಾರೆ?

ಭಾರತೀಯ ಲಿಪಿಗಳಿಗೆಲ್ಲ ಒಂದೇ ವಿನ್ಯಾಸ ಇರಲಿ ಎಂದು ಕೇಂದ್ರ ಸರ್ಕಾರದ ಎಲೆಕ್ಟ್ರಾನಿಕ್ಸ್ ಇಲಾಖೆ 1986ರಲ್ಲಿ ಹೊರತಂದ ವ್ಯವಸ್ಥೆ ಇದು. 1991ರಲ್ಲಿ ಭಾರತೀಯ ಮಾನಕ ಬ್ಯೂರೋ ಪ್ರಕಟಿಸಿದ ಇಸ್ಕಿ ಎಂಬ ಭಾರತೀಯ ಲಿಪಿಗಳ ಸಂಕೇತ ಮಾನಕದಲ್ಲೂ ಇದು ಸೇರಿತು. ದೇವನಾಗರಿಯಲ್ಲಿ ಕಕಾರ ಎಲ್ಲಿದೆಯೋ ಕನ್ನಡ, ತೆಲುಗು, ಬಂಗಾಳಿಗಳಲ್ಲೂ ಅಲ್ಲೇ ಇದೆ. ಒಮ್ಮೆ ಕಲಿತವರು ಭಾಷೆ ಬದಲಾಯಿಸಿದಾಗ ಬೆರಳು ಬದಲಾಯಿಸಬೇಕಿಲ್ಲ. ಬಹುಭಾಷಾ ಅನುವಾದಕರಿಗೆ ಇದು ದೊಡ್ಡ ಅನುಕೂಲ. ಇಂಗ್ಲಿಷ್ ಅಕ್ಷರ ಕಲಿಯದ ಮಗುವೂ ನೇರವಾಗಿ ಕಲಿಯಬಹುದಾದ ವಿನ್ಯಾಸ ಎಂಬುದು ಇನ್ನೊಂದು ಅನುಕೂಲ.

ಹಂಚಿಕೆಯ ಸೂತ್ರ ಸರಳ: ಸ್ವರಗಳೂ ಗುಣಿತದ ಚಿಹ್ನೆಗಳೂ ಎಡಗೈಗೆ, ಹೆಚ್ಚಿನ ವ್ಯಂಜನಗಳು ಬಲಗೈಗೆ. ಹೀಗಾಗಿ ಬಲ, ಎಡ, ಬಲ, ಎಡ ಎಂದು ಕೈಗಳು ಸರದಿಯಲ್ಲಿ ಕೆಲಸ ಮಾಡುತ್ತವೆ. ಚುರುಕು ಎಂಬ ಪದವನ್ನು ಇನ್‌ಸ್ಕ್ರಿಪ್ಟ್‌ನಲ್ಲಿ ಬರೆದರೆ ಆರು ಹೊಡೆತಗಳೂ ನಡುಸಾಲಿನಲ್ಲೇ, ಒಂದು ಬಲಗೈ, ಒಂದು ಎಡಗೈ. ಮೇಲೆ ಹೇಳಿದ ರಾಷ್ಟ್ರ ಪದವೂ ಇಲ್ಲಿ ಎರಡು ಕೈಗಳ ನಡುವೆ ತಪ್ಪದೆ ಅದಲುಬದಲಾಗುತ್ತ ಸಾಗುತ್ತದೆ. ಅರ್ಧಾಕ್ಷರದ ಕೀಲಿ 'ಡಿ' ಜಾಗದಲ್ಲಿ, ಎಡ ನಡುಬೆರಳಿನ ಕೆಳಗೆ. ಆಕಾರದ ಚಿಹ್ನೆಗೂ ಅನುಸ್ವಾರಕ್ಕೂ ಶಿಫ್ಟ್ ಬೇಡ. ಮಾಡುತ್ತೇನೆ ಎಂಬ ಪದದ ಹತ್ತು ಹೊಡೆತಗಳಲ್ಲಿ ಒಂದಕ್ಕೂ ಶಿಫ್ಟ್ ಇಲ್ಲ.

ಇಷ್ಟು ಚೆನ್ನಾಗಿದ್ದರೆ ಅದನ್ನೇ ಏಕೆ ಎಲ್ಲರಿಗೂ ಹೇಳುವುದಿಲ್ಲ?

ಅದರ ಲೆಕ್ಕಾಚಾರ ನಡೆದದ್ದು ದೇವನಾಗರಿಯನ್ನು ಮುಂದಿಟ್ಟುಕೊಂಡು. ಹಿಂದಿಯಲ್ಲಿ ಹ್ರಸ್ವ ಎಕಾರ, ಹ್ರಸ್ವ ಒಕಾರಗಳಿಲ್ಲ. ಆದ್ದರಿಂದ ನಡುಸಾಲಿನ ಒಳ್ಳೆಯ ಜಾಗಗಳು ದೀರ್ಘ ಏ, ಓ ಚಿಹ್ನೆಗಳ ಪಾಲಾದವು. ಕನ್ನಡದ ಹ್ರಸ್ವ ಸ್ವರಗಳಿಗೆ ಉಳಿದದ್ದು ಮೂಲೆಗಳು. ಎತ್ವ 'ಝಡ್' ಕೀಲಿಯ ಮೇಲಿದೆ, ಎಡ ಕಿರುಬೆರಳನ್ನು ಕೆಳಕ್ಕೆ ಮಡಚಿ ಒತ್ತಬೇಕು. ಒತ್ವ ಅಂಕಿಗಳ ಸಾಲಿನ ಎಡತುದಿಯಲ್ಲಿ, ಒಂದರ ಅಂಕಿಗಿಂತಲೂ ಆಚೆ. ಇದೆ, ಮನೆ, ಕೆಲಸ, ಬೆಳಗ್ಗೆ, ಊರಿಗೆ, ಕೊಡು, ಹೊಸ, ನೊಂದ: ಕನ್ನಡದಲ್ಲಿ ಎತ್ವ, ಒತ್ವಗಳಿಲ್ಲದೆ ಒಂದು ಹೆಜ್ಜೆ ಮುಂದಿಡಲಾಗದು. ಒಂದು, ಒಳಗೆ, ಒಪ್ಪಿಗೆ ಎಂದು ಶುರುಮಾಡಬೇಕಾದರೆ ಆ ಮೂಲೆಗೆ ಶಿಫ್ಟ್ ಹಿಡಿದೇ ಹೋಗಬೇಕು.

ಇನ್ನೊಂದು ತೊಡಕಿದೆ. ಮ, ನ, ವ ಈ ಮೂರು ವ್ಯಂಜನಗಳು ಬಲಗೈಯಲ್ಲಿ ಜಾಗ ಸಾಲದೆ ಎಡಗೈ ಕೆಳಸಾಲಿಗೆ ಬಂದಿವೆ. ನಾನು, ನಾವು, ನೀವು, ಮನೆ ಎಂಬ ಪದಗಳನ್ನು ಬರೆದು ನೋಡಿ, ಬಲಗೈ ಸುಮ್ಮನೆ ಕೂತಿರುತ್ತದೆ. ಇಷ್ಟು ದಿನಬಳಕೆಯ ಪದಗಳಲ್ಲೇ ಕೈಗಳ ಸರದಿ ಮುರಿಯುವುದು ನನಗೆ ದೊಡ್ಡ ದೋಷವಾಗಿಯೇ ಕಾಣುತ್ತದೆ. ಪದದ ಮೊದಲ ಸ್ವರಕ್ಕೆಲ್ಲ ಶಿಫ್ಟ್ ಬೇಕೆಂಬುದೂ ಸೇರಿಕೊಳ್ಳುತ್ತದೆ: ಅವರು, ಇದು, ಎಂದು ಎಲ್ಲದಕ್ಕೂ. ಕೆ.ಪಿ. ರಾವ್ ವಿನ್ಯಾಸದಲ್ಲಿ ಅವರು ಎಂಬುದು ಶಿಫ್ಟ್ ಇಲ್ಲದ ನಾಲ್ಕು ಹೊಡೆತ.

ಇಂಗ್ಲಿಷ್ ಅಕ್ಷರಗಳಲ್ಲಿ ಬರೆದರೆ ತಾನಾಗಿ ಕನ್ನಡವಾಗುತ್ತದಲ್ಲ? ಅದೇ ಸುಲಭವಲ್ಲವೇ?

ಕಲಿಯಲು ಸುಲಭ. ದಿನವಿಡೀ ಬಳಸಲು ಅಲ್ಲ. ಲಿಪ್ಯಂತರಣದಲ್ಲಿ ಎರಡು ಬಗೆಯಿದೆ ಎಂಬುದನ್ನು ಮೊದಲು ಗಮನಿಸಿ. ಒಂದು, 'ಬರಹ' ತಂತ್ರಾಂಶದಂತಹ ನಿಯಮಬದ್ಧ ಪದ್ಧತಿ. ಶೇಷಾದ್ರಿವಾಸು ಚಂದ್ರಶೇಖರನ್ 1998ರಲ್ಲಿ ಹೊರತಂದ ಬರಹ ತಂತ್ರಾಂಶ ಹೊರನಾಡಿನ ಕನ್ನಡಿಗರು ಸೇರಿ ಎಷ್ಟೋ ಮಂದಿಗೆ ಗಣಕದಲ್ಲಿ ಮೊದಲ ಕನ್ನಡ ಸಾಲು ಬರೆಸಿತು. ಆ ಉಪಕಾರವನ್ನು ಮರೆಯಬಾರದು. ಇದರಲ್ಲಿ ಇಂಥ ಕೀಲಿಗೆ ಇಂಥ ಅಕ್ಷರ ಎಂಬುದು ಖಚಿತ, ಆದ್ದರಿಂದ ನೋಡದೆ ಬರೆಯಲು ಸಾಧ್ಯ. ಎರಡನೆಯದು ಊಹಿಸುವ ಪದ್ಧತಿ: ನೀವು ಹೇಗೋ ಒಂದು ಬಗೆಯಲ್ಲಿ ಪದ ಬರೆದರೆ ತಂತ್ರಾಂಶ ನಾಲ್ಕೈದು ಕನ್ನಡ ಪದಗಳ ಪಟ್ಟಿ ಮುಂದಿಡುತ್ತದೆ. ಪ್ರತಿ ಪದಕ್ಕೂ ಕಣ್ಣು ಆ ಪಟ್ಟಿಯ ಮೇಲಿರಬೇಕು. ಎದುರಿಗಿಟ್ಟ ಹಸ್ತಪ್ರತಿ ನೋಡಿಕೊಂಡು ಬೆರಳಚ್ಚು ಮಾಡುವುದು ಇದರಲ್ಲಿ ಆಗದ ಮಾತು.

ಹೊಡೆತಗಳ ಲೆಕ್ಕಕ್ಕೆ ಬನ್ನಿ. ಬರಹ ಪದ್ಧತಿಯಲ್ಲಿ ಪ್ರತಿ ಅಕಾರಕ್ಕೂ ಒಂದು 'ಎ' ಒತ್ತಬೇಕು. ಕನ್ನಡ ಎಂಬುದಕ್ಕೆ ಐದರ ಬದಲು ಏಳು. ಕರ್ನಾಟಕಕ್ಕೆ ಏಳರ ಬದಲು ಒಂಬತ್ತು. ಅವರ ಎಂಬುದಕ್ಕೆ ಮೂರರ ಬದಲು ಐದು. ಆದರೆ ಎಲ್ಲ ಪದಗಳಲ್ಲೂ ನಷ್ಟವಿಲ್ಲ. ಒತ್ತಕ್ಷರಕ್ಕೆ ಬೇರೆ ಕೀಲಿ ಬೇಡವಾದ್ದರಿಂದ ಅಕಾರ ಕಡಿಮೆಯಿರುವ ಪದಗಳಲ್ಲಿ ಲಾಭವೇ ಆಗುತ್ತದೆ. ಮಾಡುತ್ತೇನೆ ಎಂಬುದಕ್ಕೆ ಇಲ್ಲಿ ಒಂಬತ್ತು, ಉಳಿದೆರಡು ವಿನ್ಯಾಸಗಳಲ್ಲಿ ಹತ್ತು. ಹೊಡೆತಗಳ ಸಂಖ್ಯೆಗಿಂತ ನನಗೆ ದೊಡ್ಡದಾಗಿ ತೋರುವುದು ಇದು: ಅಕಾರದ ಆ ಹೆಚ್ಚುವರಿ ಹೊಡೆತಗಳೆಲ್ಲ ಬೀಳುವುದು ಎಡ ಕಿರುಬೆರಳೊಂದರ ಮೇಲೆ.

ನಾನು ಟೈಪ್‌ರೈಟರ್‌ನಲ್ಲಿ ಕಲಿತವನು. ಈಗ ಏನು ಮಾಡಲಿ?

ಅನಂತಸುಬ್ಬರಾವ್ ಅವರ ಕೀಲಿಮಣೆಯಲ್ಲಿ ಪಳಗಿ, ಬೆರಳಚ್ಚು ಪರೀಕ್ಷೆಗಳ ಕಿರಿಯ, ಹಿರಿಯ ದರ್ಜೆ ಮುಗಿಸಿದವರ ಕೈಯ ಶಿಸ್ತು ಇಂದಿಗೂ ಬೆಲೆಯುಳ್ಳದ್ದು. ಬೆರಳುಗಳ ಹಂಚಿಕೆ, ನೇರ ಬೆನ್ನು, ಕೀಲಿ ನೋಡದ ಅಭ್ಯಾಸ ಎಲ್ಲವೂ ನಿಮ್ಮಲ್ಲಿ ಈಗಾಗಲೇ ಇದೆ. ಬದಲಾಗಬೇಕಾದದ್ದು ಯೋಚನೆಯ ಕ್ರಮ. ಯಂತ್ರದಲ್ಲಿ ಕಾಗದದ ಮೇಲೆ ಕಾಣುವ ರೂಪವೇ ಮುಖ್ಯ, ಅಕ್ಷರದ ಭಾಗಗಳನ್ನು ಒಂದರ ಪಕ್ಕ ಒಂದು ಮೂಡಿಸಿದರೆ ಆಯಿತು. ಗಣಕದಲ್ಲಿ ಉಚ್ಚಾರಣೆಯ ಕ್ರಮ ಮುಖ್ಯ.

ಅರ್ಕಾವೊತ್ತಿನಲ್ಲಿ ಇದು ಎದ್ದು ಕಾಣುತ್ತದೆ. ಕರ್ನಾಟಕ ಎಂದು ಬರೆಯುವಾಗ ಕೈಬರಹದಲ್ಲಿ ಅರ್ಕಾವೊತ್ತು ನಾಕಾರದ ನಂತರ ಬರುತ್ತದೆ, ಕೀಲಿಮಣೆಯಲ್ಲಿ ಮಾತ್ರ ರಕಾರವನ್ನು ಮೊದಲು ಒತ್ತಿ, ಅರ್ಧಾಕ್ಷರದ ಕೀಲಿ, ಆಮೇಲೆ ನಾ. ಹಳೆಯ ಅಭ್ಯಾಸದವರು ಇದರ ಬದಲು ಕನ್ನಡದ ಒಂಬತ್ತರ ಅಂಕಿಯನ್ನು ಸೇರಿಸಿ 'ಕನಾ೯ಟಕ' ಎಂದು ಬರೆಯುವುದನ್ನು ಈಗಲೂ ನೋಡುತ್ತೇವೆ. ಕಣ್ಣಿಗೆ ಸರಿಯಾಗಿಯೇ ಕಾಣುತ್ತದೆ. ಆದರೆ ಹುಡುಕಿದರೆ ಆ ಪದ ಸಿಗುವುದಿಲ್ಲ, ಅಕಾರಾದಿಯಲ್ಲಿ ಜೋಡಿಸಿದರೆ ತಪ್ಪು ಜಾಗಕ್ಕೆ ಹೋಗುತ್ತದೆ, ಗಣಕ ಓದಿ ಹೇಳಿದರೆ ಅಂಕಿಯನ್ನೇ ಓದುತ್ತದೆ. ದಯವಿಟ್ಟು ಹಾಗೆ ಬರೆಯಬೇಡಿ.

ಡ್ವೊರಾಕ್, ಕೋಲ್‌ಮ್ಯಾಕ್ ಕಲಿತರೆ ಕನ್ನಡಕ್ಕೂ ಲಾಭವೇ?

ಇಲ್ಲ. ಇವೆರಡೂ ಇಂಗ್ಲಿಷ್ ಅಕ್ಷರಗಳ ಬಳಕೆಯ ಪ್ರಮಾಣ ನೋಡಿ ಮಾಡಿದ ವಿನ್ಯಾಸಗಳು. ಆಗಸ್ಟ್ ಡ್ವೊರಾಕ್ ಮತ್ತು ವಿಲಿಯಂ ಡೀಲಿ 1936ರಲ್ಲಿ ಅಮೆರಿಕದಲ್ಲಿ ಪೇಟೆಂಟ್ ಪಡೆದದ್ದು ಒಂದು, 2006ರಲ್ಲಿ ಶಾಯ್ ಕೋಲ್ಮನ್ ಹೊರತಂದದ್ದು ಇನ್ನೊಂದು. ಇಂಗ್ಲಿಷಿನಲ್ಲೂ ಡ್ವೊರಾಕ್‌ನ ಲಾಭ ಎಷ್ಟು ಎಂಬ ವಾದ ಮುಗಿದಿಲ್ಲ. 1944ರಲ್ಲಿ ಅಮೆರಿಕದ ನೌಕಾಪಡೆ ನಡೆಸಿದ ಪರೀಕ್ಷೆ ಅದರ ಪರವಾಗಿತ್ತು, 1956ರಲ್ಲಿ ಅಲ್ಲಿನ ಸರ್ಕಾರಕ್ಕಾಗಿ ಅರ್ಲ್ ಸ್ಟ್ರಾಂಗ್ ನಡೆಸಿದ ಪರೀಕ್ಷೆಯಲ್ಲಿ ಅಂಥ ಲಾಭ ಕಾಣಲಿಲ್ಲ.

ಕೆ.ಪಿ. ರಾವ್ ವಿನ್ಯಾಸವನ್ನು ಡ್ವೊರಾಕ್ ಅಕ್ಷರಗಳ ಮೇಲೆ ಕೂರಿಸಿದರೆ ಏನಾಗುತ್ತದೆ ನೋಡಿ. ಇಂಗ್ಲಿಷಿನಲ್ಲಿ 'ಎಫ್' ಅಷ್ಟೇನೂ ಬೇಕಾಗದ ಅಕ್ಷರ. ಹಾಗಾಗಿ ಡ್ವೊರಾಕ್‌ನಲ್ಲಿ ಅದು ಮೇಲಿನ ಸಾಲಿಗೆ, ಈಗ 'ವೈ' ಇರುವ ಜಾಗಕ್ಕೆ ಹೋಗುತ್ತದೆ. ಕೋಲ್‌ಮ್ಯಾಕ್‌ನಲ್ಲೂ ಮೇಲಿನ ಸಾಲೇ, 'ಇ' ಇದ್ದ ಜಾಗ. ಪ್ರತಿ ಒತ್ತಕ್ಷರಕ್ಕೂ ಬೆರಳು ಮೇಲೇರಬೇಕು. ಅಂದರೆ ಈ ವಿನ್ಯಾಸದ ಅತ್ಯುತ್ತಮ ಗುಣವನ್ನೇ ಕಳೆದುಕೊಂಡಂತಾಯಿತು. ಇಂಗ್ಲಿಷಿಗೆ ಡ್ವೊರಾಕ್ ಬಳಸುವವರು ಕನ್ನಡವನ್ನು ಅದರ ಮೂಲ ಜಾಗಗಳಲ್ಲೇ ಇಟ್ಟುಕೊಳ್ಳಲಿ.

ನಿಮಿಷಕ್ಕೆ ಎಷ್ಟು ಪದ ಬಂದರೆ ಒಳ್ಳೆಯ ವೇಗ?

ಪದಗಳ ಲೆಕ್ಕ ಕನ್ನಡಕ್ಕೆ ಸರಿಹೊಂದುವುದಿಲ್ಲ. ಇಂಗ್ಲಿಷಿನಲ್ಲಿ ಐದು ಹೊಡೆತಕ್ಕೆ ಒಂದು ಪದ ಎಂದು ಎಣಿಸುತ್ತಾರೆ. ನಮ್ಮಲ್ಲಿ 'ಹೋಗಬೇಕಾಗಿದ್ದವರಿಗೆಲ್ಲ' ಎಂಬುದೂ ಒಂದು ಪದ, 'ಆ' ಎಂಬುದೂ ಒಂದು ಪದ. ನಿಮಿಷಕ್ಕೆ ಎಷ್ಟು ಹೊಡೆತ, ಅದರಲ್ಲಿ ಎಷ್ಟು ತಪ್ಪು ಎಂದು ನೋಡಿಕೊಳ್ಳಿ. ತಪ್ಪು ತಿದ್ದಲು ಹಿಂದೆ ಹೋಗುವ ಸಮಯವೇ ವೇಗವನ್ನು ನುಂಗುವುದು. ಕನ್ನಡದಲ್ಲಂತೂ ಒಂದು ಹೊಡೆತ ತಪ್ಪಿದರೆ ಇಡೀ ಒತ್ತಕ್ಷರ ಚದುರಿಹೋಗುತ್ತದೆ.

ಬರೆದು ಬರೆದು ಕೈ ನೋಯುತ್ತದೆ. ವಿನ್ಯಾಸ ಬದಲಾಯಿಸಬೇಕೇ?

ಮೊದಲು ಶಿಫ್ಟ್ ಬಳಸುವ ರೀತಿ ಬದಲಾಯಿಸಿ. ಹಲವರು ಎಡಗಡೆಯ ಶಿಫ್ಟ್ ಒಂದನ್ನೇ ಬಳಸುತ್ತಾರೆ. ಕೆ.ಪಿ. ರಾವ್ ವಿನ್ಯಾಸದಲ್ಲಿ ಕಾ, ಮಾ, ನಾ ಎಂದು ಬರೆಯುವಾಗ ಎಡ ಕಿರುಬೆರಳಿನಿಂದ ಶಿಫ್ಟ್ ಹಿಡಿದು, ಅದೇ ಕೈಯ ಇನ್ನೊಂದು ಬೆರಳನ್ನು ತಿರುಚಿ 'ಎ' ಒತ್ತುವುದನ್ನು ನಾನು ಮತ್ತೆ ಮತ್ತೆ ನೋಡಿದ್ದೇನೆ. ಮಣಿಕಟ್ಟು ಹೊರಕ್ಕೆ ಬಾಗುತ್ತದೆ, ಸಂಜೆಯ ಹೊತ್ತಿಗೆ ನೋವು ಮೊಣಕೈ ತನಕ ಏರುತ್ತದೆ. ನಿಯಮ ಇಷ್ಟೇ: ಅಕ್ಷರ ಎಡಗೈಯದಾದರೆ ಶಿಫ್ಟ್ ಬಲಗೈಯದು, ಅಕ್ಷರ ಬಲಗೈಯದಾದರೆ ಶಿಫ್ಟ್ ಎಡಗೈಯದು. ಅನುಸ್ವಾರಕ್ಕೆ ಎಡ ಶಿಫ್ಟ್, ಆಕಾರಕ್ಕೆ ಬಲ ಶಿಫ್ಟ್.

ಮೊಣಕೈ ಎತ್ತರಕ್ಕೆ ಕೀಲಿಮಣೆ ಇರಲಿ, ಮಣಿಕಟ್ಟು ಮೇಜಿನ ಅಂಚಿಗೆ ಒತ್ತದಿರಲಿ. ಕೀಲಿಮಣೆಯ ಹಿಂಬದಿಯ ಮಡಚುವ ಕಾಲುಗಳನ್ನು ಮಡಚಿಯೇ ಇಡಿ, ಎತ್ತಿದರೆ ಮಣಿಕಟ್ಟು ಹಿಂದಕ್ಕೆ ಬಾಗುತ್ತದೆ. ಬೆರಳು ಜೋಮು ಹಿಡಿಯುವುದು, ರಾತ್ರಿ ನೋವಿನಿಂದ ಎಚ್ಚರವಾಗುವುದು ಇದ್ದರೆ ಕೀಲಿಮಣೆಯ ಮಾತು ಬಿಟ್ಟು ವೈದ್ಯರನ್ನು ಕಾಣಿ.

ಅಭ್ಯಾಸ ಎಲ್ಲಿಂದ ಆರಂಭಿಸಲಿ?

ನಡುಸಾಲಿನಿಂದ, ಅದೂ ಅರ್ಥವಿರುವ ಪದಗಳಿಂದ. ಕೆ.ಪಿ. ರಾವ್ ವಿನ್ಯಾಸದಲ್ಲಿ ಶಿಫ್ಟ್ ಮುಟ್ಟದೆ, ನಡುಸಾಲು ಬಿಡದೆ ಬರೆಯಬಹುದಾದ ಪದಗಳು ಸಾಕಷ್ಟಿವೆ: ಅಕ್ಕ, ಹಗ್ಗ, ಅಲ್ಲ, ಸಹಜ, ಅಗಲ, ಗದ್ಗದ. 'ಜಗದ ಗದ್ದಲ' ಎಂಬುದು ಪೂರ್ತಿ ನಡುಸಾಲಿನದೇ. ಇನ್‌ಸ್ಕ್ರಿಪ್ಟ್‌ನವರಿಗೆ ಕುರಿ, ಪುಟ, ಪತ್ರ, ಚಿತ್ರ, ತಿರುಪತಿ. ಇವು ತಡೆಯಿಲ್ಲದೆ ಬರತೊಡಗಿದ ಮೇಲೆ ಸ್ವರಗಳನ್ನು ಸೇರಿಸಿ, ಕೊನೆಗೆ ಶಿಫ್ಟ್. ಮಹಾಪ್ರಾಣಗಳನ್ನು ಪ್ರತ್ಯೇಕವಾಗಿ ಅಭ್ಯಾಸ ಮಾಡುವ ಅಗತ್ಯವಿಲ್ಲ, ಅಲ್ಪಪ್ರಾಣದ ಜಾಗವೇ ಅವುಗಳ ಜಾಗ. ದಿನಕ್ಕೆ ಅರ್ಧ ಗಂಟೆ ಸಾಕು, ಆದರೆ ದಿನ ತಪ್ಪಬಾರದು.

ಕೀಲಿಗಳ ಮೇಲೆ ಕನ್ನಡ ಅಕ್ಷರ ಅಂಟಿಸಿಕೊಳ್ಳಬಹುದೇ?

ಬೇಡ. ಅಂಟಿಸಿದರೆ ಕಣ್ಣು ಅಲ್ಲಿಗೇ ಹೋಗುತ್ತದೆ. ವಿನ್ಯಾಸದ ಚಿತ್ರವನ್ನು ಮುದ್ರಿಸಿ ಪರದೆಯ ಪಕ್ಕ ನಿಲ್ಲಿಸಿಕೊಳ್ಳಿ.

ಸಾಫ್ಟ್‌ವೇರ್ ಎಂದು ಬರೆಯಹೋದರೆ ವಕಾರ ಒತ್ತಾಗಿ ಕೆಳಗೆ ಇಳಿಯುತ್ತದೆ. ಇದು ಯಾವ ವಿನ್ಯಾಸದ ದೋಷ?

ಯಾವುದರದೂ ಅಲ್ಲ. ಅರ್ಧಾಕ್ಷರದ ಮುಂದೆ ವ್ಯಂಜನ ಬಂದರೆ ಒತ್ತಾಗುವುದು ಕನ್ನಡ ಲಿಪಿಯ ನಿಯಮ. ಅದನ್ನು ತಡೆಯಲು ಎರಡರ ನಡುವೆ ಕಣ್ಣಿಗೆ ಕಾಣದ ಒಂದು ಯುನಿಕೋಡ್ ಅಕ್ಷರವನ್ನು ಹಾಕಬೇಕು. ಅದನ್ನು ಮೂಡಿಸುವ ಕೀಲಿ ತಂತ್ರಾಂಶದಿಂದ ತಂತ್ರಾಂಶಕ್ಕೆ ಬೇರೆಯಾಗಿರುತ್ತದೆ. ನಿಮ್ಮ ತಂತ್ರಾಂಶದ ಸಹಾಯಪುಟದಲ್ಲಿ ಹುಡುಕಿ ಮೊದಲ ವಾರದಲ್ಲೇ ಕಲಿತುಬಿಡಿ. ಜಾಗ ಬಿಟ್ಟು 'ಸಾಫ್ಟ್ ವೇರ್' ಎಂದು ಒಡೆದು ಬರೆಯುವುದು ಪರಿಹಾರವಲ್ಲ.

ಈಗ ಮಾತನಾಡಿದರೆ ಮೊಬೈಲ್ ಬರೆದುಕೊಳ್ಳುತ್ತದೆ. ಬೆರಳಚ್ಚು ಇನ್ನೂ ಬೇಕೇ?

ಕರಡು ಹೇಳಿ ಬರೆಸಲು ಅದು ಒಳ್ಳೆಯ ಸಾಧನ. ತಿದ್ದಲು, ವಿಭಕ್ತಿ ಸರಿಮಾಡಲು, ಸಂಧಿ ಬಿಡಿಸಲು, ಗದ್ದಲದ ಕಚೇರಿಯಲ್ಲಿ ಗೋಪ್ಯ ಪತ್ರ ಸಿದ್ಧಪಡಿಸಲು ಬೆರಳೇ ಬೇಕು.

ಇವೆಲ್ಲ ಎಲ್ಲಿ ಸಿಗುತ್ತವೆ?

ವಿಂಡೋಸ್‌ನಲ್ಲಿ ಕನ್ನಡ ಭಾಷೆ ಸೇರಿಸಿದರೆ ಇನ್‌ಸ್ಕ್ರಿಪ್ಟ್ ಕೀಲಿಮಣೆ ಸಿಗುತ್ತದೆ. 2019ರ ಮೇ ಪರಿಷ್ಕರಣೆಯಿಂದ ಊಹಿಸುವ ಬಗೆಯ ಫೋನೆಟಿಕ್ ಕೀಲಿಮಣೆಯೂ ಇದೆ. ಕೆ.ಪಿ. ರಾವ್ ವಿನ್ಯಾಸ ಬೇಕಾದರೆ ನುಡಿ ಅಥವಾ ಅಂಥ ಬೇರೆ ತಂತ್ರಾಂಶ ಹಾಕಿಕೊಳ್ಳಬೇಕು. ಲಿನಕ್ಸ್‌ನಲ್ಲಿ ಕೀಲಿಮಣೆಗಳ ಪಟ್ಟಿಯಲ್ಲೇ ಕಗಪ ಎಂಬ ಆಯ್ಕೆ ಇದೆ. ಐಬಸ್ ಎಂಬ ಬರವಣಿಗೆಯ ತಂತ್ರಾಂಶದ ಮೂಲಕ ಕಗಪ, ಇನ್‌ಸ್ಕ್ರಿಪ್ಟ್, ಲಿಪ್ಯಂತರಣ ಮೂರನ್ನೂ ಪಡೆಯಬಹುದು. ಕನ್ನಡ ವಿಕಿಪೀಡಿಯದ ಸಂಪಾದನಾ ಪುಟದಲ್ಲಿ ಏನನ್ನೂ ಸ್ಥಾಪಿಸದೆ ಈ ಮೂರನ್ನೂ ಬಳಸಿ ನೋಡಬಹುದು. ಯಾವುದು ನಿಮ್ಮ ಕೈಗೆ ಹೊಂದುತ್ತದೆಂದು ತಿಳಿಯಲು ಅಲ್ಲಿ ಒಂದು ಸಣ್ಣ ಲೇಖನವನ್ನು ತಿದ್ದುವುದಕ್ಕಿಂತ ಒಳ್ಳೆಯ ಪರೀಕ್ಷೆಯಿಲ್ಲ, ನಿಮ್ಮ ಅಭ್ಯಾಸದಿಂದ ಆ ಲೇಖನಕ್ಕೂ ಉಪಕಾರವಾಗುತ್ತದೆ.